ಕೈಯಲ್ಲಿ ಓಡಿಸಿದರೆ ಓಡುತ್ತದೆ, ಸರ್ವಿಸ್ ಮಾಡಿದರೆ 203: ಪೈಥಾನ್ ವರ್ಕರ್, ಉಬುಂಟು 22.04

ಹೊಸಪುಟ ಕೇಳಿದ್ದು:

ಅಮೆಜಾನ್ ಕ್ಲೌಡ್‌ನ (ಎಡಬ್ಲ್ಯೂಎಸ್) ಇಸಿ2ನಲ್ಲಿ ಒಂದು ಟಿ3.ಮೈಕ್ರೋ ಸರ್ವರ್ ಇದೆ, ಮುಂಬೈ ರೀಜನ್, ಉಬುಂಟು 22.04. ಅದರ ಮೇಲೆ ಒಂದು ಪೈಥಾನ್ ವರ್ಕರ್. ಎಸ್‌ಕ್ಯೂಎಸ್ (ಅಮೆಜಾನ್‌ನ ಮೆಸೇಜ್ ಸಾಲು) ಕ್ಯೂನಿಂದ ಮೆಸೇಜ್ ಎತ್ತಿಕೊಳ್ಳುತ್ತದೆ, ವೀಝಿಪ್ರಿಂಟ್‌ನಲ್ಲಿ (ಎಚ್‌ಟಿಎಂಎಲ್‌ನಿಂದ ಪಿಡಿಎಫ್ ಮಾಡುವ ಲೈಬ್ರರಿ) ಕನ್ನಡ ರಸೀದಿಯ ಪಿಡಿಎಫ್ ಮಾಡುತ್ತದೆ, ಎಸ್3ಗೆ (ಅಮೆಜಾನ್‌ನ ಫೈಲ್ ಸಂಗ್ರಹ) ಹಾಕುತ್ತದೆ. ವೆಬ್ ಪುಟ ಇಲ್ಲ, ಪೋರ್ಟ್ ಇಲ್ಲ, ಬರೀ ಹಿನ್ನೆಲೆ ಕೆಲಸ. ಒಂದು ಪಿಡಿಎಫ್‌ಗೆ ಸಾಮಾನ್ಯವಾಗಿ 3 ಸೆಕೆಂಡ್, ಬಹಳ ಪುಟ ಇದ್ದರೆ 40 ಸೆಕೆಂಡ್‌ವರೆಗೂ ಹೋಗುತ್ತದೆ.

ಟಿಮಕ್ಸ್‌ನಲ್ಲಿ (ಲಾಗ್‌ಔಟ್ ಆದರೂ ತೆರೆದೇ ಇರುವ ಟರ್ಮಿನಲ್) ಓಡಿಸಿದರೆ ತೊಂದರೆಯಿಲ್ಲ. ಆದರೆ ಮಷೀನ್ ರೀಬೂಟ್ ಆದಾಗಲೆಲ್ಲ ಯಾರಾದರೂ ಲಾಗಿನ್ ಆಗಿ ಎಬ್ಬಿಸಬೇಕು. ಅದಕ್ಕೆ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಹಿನ್ನೆಲೆ ಕೆಲಸಗಳನ್ನು ಎಬ್ಬಿಸಿ ನೋಡಿಕೊಳ್ಳುವ ವ್ಯವಸ್ಥೆ) ಸರ್ವಿಸ್ ಮಾಡಲು ಹೊರಟೆ.

ಕೋಡ್ ಮೊದಲು /ಹೋಮ್/ಉಬುಂಟು/ರಸೀದಿ ಒಳಗಿತ್ತು. ಸರ್ವಿಸ್‌ಗೆ ಬೇರೆ ಯೂಸರ್ ಇರಲಿ ಎಂದು "ರಸೀದಿ" ಹೆಸರಿನ ಯೂಸರ್ ಮಾಡಿದೆ. ಸ್ಟಾರ್ಟ್ ಕೊಟ್ಟರೆ 200/ಸಿಎಚ್‌ಡಿಐಆರ್, ಪರ್ಮಿಷನ್ ಡಿನೈಡ್. ಸರಿ ಎಂದು ಇಡೀ ಫೋಲ್ಡರನ್ನು ಎಂವಿ ಮಾಡಿ /ಆಪ್ಟ್/ರಸೀದಿಗೆ ಸಾಗಿಸಿದೆ. ಈಗ 203/ಎಕ್ಸೆಕ್, "ನೋ ಸಚ್ ಫೈಲ್ ಆರ್ ಡೈರೆಕ್ಟರಿ". ಎಲ್ಎಸ್ ಕೊಟ್ಟರೆ ಫೈಲ್ ಅಲ್ಲೇ ಕಾಣುತ್ತದೆ! ಎಕ್ಸೆಕ್‌ಸ್ಟಾರ್ಟ್ ಸಾಲಿನಲ್ಲಿ /ಆಪ್ಟ್/ರಸೀದಿ/ವೆನ್ವ್/ಬಿನ್/ರಸೀದಿ-ವರ್ಕರ್ ಎಂದಿದೆ. ನಾಲ್ಕೈದು ಸಲ ಪ್ರಯತ್ನವಾದ ಮೇಲೆ "ಸ್ಟಾರ್ಟ್ ರಿಕ್ವೆಸ್ಟ್ ರಿಪೀಟೆಡ್ ಟೂ ಕ್ವಿಕ್ಲಿ" ಎಂದು ಬಿದ್ದುಕೊಳ್ಳುತ್ತದೆ.

ಫೈಲ್ ಇದ್ದೂ ಇಲ್ಲ ಅನ್ನುವುದು ಯಾಕೆ? ಇದಕ್ಕಿಂತ ಡಾಕರ್ (ಪ್ರೋಗ್ರಾಮ್, ಅದಕ್ಕೆ ಬೇಕಾದ್ದೆಲ್ಲ ಒಂದೇ ಕಂಟೇನರ್‌ನಲ್ಲಿ ಕಟ್ಟುವ ವಿಧಾನ) ಮಾಡಿ ಬೇರೆ ಕಡೆ ಹಾಕುವುದೇ ಮೇಲೋ?

---

ರಾತ್ರಿಪಾಳಿ ಉತ್ತರ:

ಫೈಲ್ ಇದೆ, ನಿಜ. ಇಲ್ಲದಿರುವುದು ಆ ಫೈಲಿನ ಮೊದಲ ಸಾಲಿನಲ್ಲಿ ಬರೆದಿರುವ ಪೈಥಾನ್. `ಹೆಡ್ -1 /ಆಪ್ಟ್/ರಸೀದಿ/ವೆನ್ವ್/ಬಿನ್/ರಸೀದಿ-ವರ್ಕರ್` ಕೊಟ್ಟು ನೋಡಿ, ಹೀಗಿರುತ್ತದೆ:

`#!/ಹೋಮ್/ಉಬುಂಟು/ರಸೀದಿ/ವೆನ್ವ್/ಬಿನ್/ಪೈಥಾನ್3`

(ಕಮಾಂಡು, ಪಾತ್ ಎಲ್ಲ ಓದಲು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಿ.)

ಪಿಪ್ (ಪೈಥಾನ್ ಪ್ಯಾಕೇಜ್ ಹಾಕುವ ಸಾಧನ) ಯಾವ ಸ್ಕ್ರಿಪ್ಟ್ ಹಾಕಿದರೂ ಅದರ ತಲೆಯ ಮೇಲೆ ಆ ಹೊತ್ತಿನ ವೆನ್ವ್‌ನ (ಈ ಪ್ರಾಜೆಕ್ಟಿಗೇ ಮೀಸಲಾದ ಪೈಥಾನ್, ಲೈಬ್ರರಿಗಳ ಫೋಲ್ಡರ್) ಪೂರ್ತಿ ಪಾತ್ ಕೆತ್ತಿಬಿಡುತ್ತದೆ. ನೀವು ಮನೆ ಬದಲಾಯಿಸಿದಿರಿ, ಬಾಗಿಲ ಮೇಲಿನ ವಿಳಾಸ ಹಳೆಯದೇ ಉಳಿಯಿತು. ಕರ್ನೆಲ್ ಆ ಹಳೆಯ ವಿಳಾಸ ಹುಡುಕಿಕೊಂಡು ಹೋಗಿ, ಅಲ್ಲಿ ಏನೂ ಇಲ್ಲ ಎಂದು ವಾಪಸ್ ಬರುತ್ತದೆ. ತಪ್ಪು ನಿಮ್ಮ ಸ್ಕ್ರಿಪ್ಟಿನ ಹೆಸರಿನಲ್ಲಿ ದಾಖಲಾಗುತ್ತದೆ. ವೆನ್ವ್ ಅನ್ನು ಎಂದೂ ಎತ್ತಿ ಸಾಗಿಸಬಾರದು. ಅಳಿಸಿ, ಹೊಸ ಜಾಗದಲ್ಲೇ ಕಟ್ಟಿ:

`ಸುಡೋ ಆರ್‌ಎಂ -ಆರ್‌ಎಫ್ /ಆಪ್ಟ್/ರಸೀದಿ/ವೆನ್ವ್`
`ಸುಡೋ ಪೈಥಾನ್3 -ಎಂ ವೆನ್ವ್ /ಆಪ್ಟ್/ರಸೀದಿ/ವೆನ್ವ್`
`ಸುಡೋ /ಆಪ್ಟ್/ರಸೀದಿ/ವೆನ್ವ್/ಬಿನ್/ಪಿಪ್ ಇನ್‌ಸ್ಟಾಲ್ -ಆರ್ /ಆಪ್ಟ್/ರಸೀದಿ/ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ`

ಎರಡನೆಯದು ತಕರಾರು ತೆಗೆದರೆ ಪೈಥಾನ್3-ವೆನ್ವ್ ಪ್ಯಾಕೇಜ್ ಹಾಕಿಲ್ಲ ಎಂದರ್ಥ. ಫೋಲ್ಡರಿನ ಒಡೆಯ ರೂಟ್ ಆಗಿಯೇ ಇರಲಿ, ವರ್ಕರ್‌ಗೆ ತನ್ನ ಕೋಡ್ ತಾನೇ ತಿದ್ದುವ ಅಧಿಕಾರ ಬೇಡ.

ಮೊದಲು ಬಂದ 200ರ ಕಾರಣವೂ ಹೇಳಿಬಿಡುತ್ತೇನೆ. ಉಬುಂಟು 21.04ರಿಂದ ಈಚೆಗೆ ಹೋಮ್ ಫೋಲ್ಡರಿನ ಪರ್ಮಿಷನ್ 750. ಹಿಂದೆ 755 ಇತ್ತು, ಯಾರು ಬೇಕಾದರೂ ಹಾದುಹೋಗಬಹುದಿತ್ತು. ಈಗ "ರಸೀದಿ" ಯೂಸರ್‌ಗೆ /ಹೋಮ್/ಉಬುಂಟು ಹೊಸ್ತಿಲೇ ದಾಟಲಾಗದು. ಅದನ್ನು ಚ್ಮಾಡ್ 755 ಮಾಡಿ ಎಂದು ಹಲವು ಕಡೆ ಬರೆದಿರುತ್ತಾರೆ, ಮಾಡಬೇಡಿ. /ಆಪ್ಟ್‌ಗೆ ಹೋದದ್ದು ಸರಿಯಾದ ದಾರಿಯೇ.

ಯುನಿಟ್ ಫೈಲ್, /ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್/ರಸೀದಿ.ಸರ್ವಿಸ್:

```
[ಯುನಿಟ್]
ಡಿಸ್ಕ್ರಿಪ್ಷನ್=ರಸೀದಿ ವರ್ಕರ್
ವಾಂಟ್ಸ್=ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್
ಆಫ್ಟರ್=ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್

[ಸರ್ವಿಸ್]
ಯೂಸರ್=ರಸೀದಿ
ವರ್ಕಿಂಗ್‌ಡೈರೆಕ್ಟರಿ=/ಆಪ್ಟ್/ರಸೀದಿ
ಎನ್‌ವಿರಾನ್‌ಮೆಂಟ್‌ಫೈಲ್=/ಇಟಿಸಿ/ರಸೀದಿ.ಎನ್‌ವಿ
ಎನ್‌ವಿರಾನ್‌ಮೆಂಟ್=ಪೈಥಾನ್‌ಅನ್‌ಬಫರ್ಡ್=1
ಎಕ್ಸೆಕ್‌ಸ್ಟಾರ್ಟ್=/ಆಪ್ಟ್/ರಸೀದಿ/ವೆನ್ವ್/ಬಿನ್/ಪೈಥಾನ್ -ಎಂ ರಸೀದಿ.ವರ್ಕರ್
ರೀಸ್ಟಾರ್ಟ್=ಆನ್-ಫೈಲ್ಯೂರ್
ರೀಸ್ಟಾರ್ಟ್‌ಸೆಕ್=10

[ಇನ್‌ಸ್ಟಾಲ್]
ವಾಂಟೆಡ್‌ಬೈ=ಮಲ್ಟಿ-ಯೂಸರ್.ಟಾರ್ಗೆಟ್
```

ಸೋರ್ಸ್ ಆಕ್ಟಿವೇಟ್ ಬೇಕಿಲ್ಲ. ವೆನ್ವ್ ಒಳಗಿನ ಪೈಥಾನನ್ನೇ ನೇರವಾಗಿ ಕರೆದರೆ ಆಯಿತು, ತನ್ನ ಲೈಬ್ರರಿಗಳನ್ನು ಅದೇ ಹುಡುಕಿಕೊಳ್ಳುತ್ತದೆ. ಪೈಥಾನ್‌ಅನ್‌ಬಫರ್ಡ್ ಇಲ್ಲದಿದ್ದರೆ ಪ್ರಿಂಟ್ ಮಾಡಿದ್ದು ಬಫರ್ ತುಂಬುವವರೆಗೂ ಜರ್ನಲ್‌ಗೆ (ಸಿಸ್ಟಮ್‌ಡಿಯ ಲಾಗ್) ಬರುವುದಿಲ್ಲ. ಕೆಲಸ ನಡೆಯುತ್ತಿದ್ದರೂ ಸರ್ವಿಸ್ ಸತ್ತುಹೋದಂತೆ ಕಾಣುತ್ತದೆ.

"ಟೂ ಕ್ವಿಕ್ಲಿ" ವಿಚಾರ: ರೀಸ್ಟಾರ್ಟ್‌ಸೆಕ್ ಕೊಡದಿದ್ದರೆ ಅದು 100 ಮಿಲಿಸೆಕೆಂಡ್. 10 ಸೆಕೆಂಡಿನೊಳಗೆ 5 ಸಲಕ್ಕಿಂತ ಹೆಚ್ಚು ಎದ್ದರೆ ಸಿಸ್ಟಮ್‌ಡಿ ಕೈಚೆಲ್ಲುತ್ತದೆ. ನಿಮ್ಮದು ಒಂದೇ ಸೆಕೆಂಡಿನಲ್ಲಿ ಐದೂ ಅವಕಾಶ ಮುಗಿಸಿಕೊಂಡಿತು. 10 ಸೆಕೆಂಡ್ ಅಂತರ ಕೊಟ್ಟರೆ ಆ ಮಿತಿ ಮುಟ್ಟುವ ಪ್ರಶ್ನೆಯೇ ಇಲ್ಲ, ರಾತ್ರಿ ನೆಟ್‌ವರ್ಕ್ ಅರ್ಧ ಗಂಟೆ ಹೋದರೂ ಬಂದಾಗ ತಾನೇ ಏಳುತ್ತದೆ. ಈಗ ಬಿದ್ದುಕೊಂಡಿರುವುದನ್ನು ಎಬ್ಬಿಸಲು:

`ಸುಡೋ ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್`
`ಸುಡೋ ಸಿಸ್ಟಮ್‌ಸಿಟಿಎಲ್ ರೀಸೆಟ್-ಫೇಲ್ಡ್ ರಸೀದಿ`
`ಸುಡೋ ಸಿಸ್ಟಮ್‌ಸಿಟಿಎಲ್ ಎನೇಬಲ್ --ನೌ ರಸೀದಿ`
`ಜರ್ನಲ್‌ಸಿಟಿಎಲ್ -ಯು ರಸೀದಿ -ಎಫ್`

ಬರೀ ಸ್ಟಾರ್ಟ್ ಕೊಟ್ಟರೆ ಈಗ ಓಡುತ್ತದೆ, ರೀಬೂಟ್ ಆದಾಗ ಏಳುವುದಿಲ್ಲ. ಬರೀ ಎನೇಬಲ್ ಕೊಟ್ಟರೆ ಉಲ್ಟಾ. --ನೌ ಸೇರಿಸಿದರೆ ಎರಡೂ ಆಗುತ್ತವೆ.

ಎನ್‌ವಿ ಫೈಲಿನ ಬಗ್ಗೆ ಒಂದು ಎಚ್ಚರಿಕೆ. ಅದನ್ನು ಓದುವುದು ಬ್ಯಾಶ್ ಅಲ್ಲ, ಸಿಸ್ಟಮ್‌ಡಿ. ಸಾಲಿನ ಮುಂದೆ "ಎಕ್ಸ್‌ಪೋರ್ಟ್" ಇದ್ದರೆ ಆ ಸಾಲನ್ನೇ ಬಿಟ್ಟುಬಿಡುತ್ತದೆ. ಡಾಲರ್ ಗುರುತು ಹಾಕಿ ಇನ್ನೊಂದು ವೇರಿಯಬಲ್ ಸೇರಿಸಿದರೆ ಅದು ಬಿಚ್ಚಿಕೊಳ್ಳುವುದಿಲ್ಲ. ಫೈಲ್ ರೂಟ್ ಹೆಸರಿನಲ್ಲಿ 600 ಇರಲಿ. ಯೂಸರ್ ಬದಲಾಗುವ ಮುಂಚೆಯೇ ಸಿಸ್ಟಮ್‌ಡಿ ರೂಟ್ ಆಗಿ ಓದುವುದರಿಂದ "ರಸೀದಿ" ಯೂಸರ್‌ಗೆ ಆ ಫೈಲ್ ಕಾಣಬೇಕಿಲ್ಲ.

---

ಕಡಲೆಪುರಿ ಉತ್ತರ:

ಮೇಲಿನವರು ಹೇಳಿದ್ದಕ್ಕೆ ಒಂದು ತಿದ್ದುಪಡಿ: ವರ್ಕರ್‌ಗೆ ಆನ್-ಫೈಲ್ಯೂರ್ ಸಾಲದು, ಆಲ್‌ವೇಸ್ ಹಾಕಿ. ವರ್ಕರ್ ಎಂದೂ ಮುಗಿಯದ ಲೂಪ್. ಯಾವುದೋ ಎಕ್ಸೆಪ್ಷನ್ ನುಂಗಿಕೊಂಡು ಲೂಪಿನಿಂದ ಹೊರಬಿದ್ದು 0 ಕೋಡಿನೊಂದಿಗೆ ಸದ್ದಿಲ್ಲದೆ ಮುಗಿದರೆ ಆನ್-ಫೈಲ್ಯೂರ್ ಅದನ್ನು ಯಶಸ್ಸು ಎಂದೇ ಎಣಿಸುತ್ತದೆ. ನೀವಾಗಿ ಸಿಸ್ಟಮ್‌ಸಿಟಿಎಲ್ ಸ್ಟಾಪ್ ಕೊಟ್ಟರೆ ಆಲ್‌ವೇಸ್ ಇದ್ದರೂ ನಿಂತೇ ನಿಲ್ಲುತ್ತದೆ, ಭಯ ಬೇಡ.

ಇನ್ನು ಕ್ಯೂ ಕಡೆ ನೋಡೋಣ. ಸರ್ವಿಸ್ ಎದ್ದ ಮೇಲೆ ನಿಜವಾದ ತಲೆನೋವು ಅಲ್ಲಿದೆ.

ಎಸ್‌ಕ್ಯೂಎಸ್‌ನ ವಿಸಿಬಿಲಿಟಿ ಟೈಮ್‌ಔಟ್ (ಎತ್ತಿಕೊಂಡ ಮೆಸೇಜ್ ಬೇರೆಯವರಿಗೆ ಕಾಣದೆ ಇರುವ ಅವಧಿ) ನೀವು ಮುಟ್ಟದಿದ್ದರೆ 30 ಸೆಕೆಂಡ್. ನಿಮ್ಮ ದೊಡ್ಡ ಪಿಡಿಎಫ್‌ಗೆ 40 ಬೇಕು. ಅಂದರೆ ಕೆಲಸ ಮುಗಿಯುವ 10 ಸೆಕೆಂಡ್ ಮುಂಚೆಯೇ ಅದೇ ಮೆಸೇಜ್ ಮತ್ತೆ ಕ್ಯೂನಲ್ಲಿ ಪ್ರತ್ಯಕ್ಷ. ಒಂದೊಂದೇ ಮೆಸೇಜ್ ಎತ್ತುವ ಒಂದೇ ವರ್ಕರ್ ಇರುವವರೆಗೆ ನಡುವೆ ಅದನ್ನು ಎತ್ತಿಕೊಳ್ಳುವವರು ಯಾರೂ ಇಲ್ಲ, ಎರಡು ವರ್ಕರ್ ಇದ್ದರೆ ಅದೇ ಕೆಲಸ ಎರಡು ಸಲ ನಡೆಯುತ್ತದೆ. ಅದನ್ನು 120ಕ್ಕೆ ಏರಿಸಿ. ಅಷ್ಟಾದರೂ ಸ್ಟ್ಯಾಂಡರ್ಡ್ ಕ್ಯೂ ಒಂದು ಮೆಸೇಜನ್ನು "ಕನಿಷ್ಠ ಒಮ್ಮೆ" ಕೊಡುತ್ತೇನೆ ಎನ್ನುತ್ತದೆಯೇ ಹೊರತು "ಒಂದೇ ಒಮ್ಮೆ" ಎನ್ನುವುದಿಲ್ಲ. ಎಸ್3 ಕೀ ರಸೀದಿ ಸಂಖ್ಯೆಯೇ ಆಗಿರಲಿ. ಎರಡು ಸಲ ಮಾಡಿದರೂ ಮೊದಲಿನದರ ಮೇಲೆ ಕೂರುತ್ತದೆ, ಎರಡು ಫೈಲ್ ಆಗುವುದಿಲ್ಲ. ಡಿಲೀಟ್ ಮೆಸೇಜ್ ಕರೆಯುವುದು ಎಸ್3ಗೆ ಏರಿದ ಮೇಲೆಯೇ.

ಡೆಡ್ ಲೆಟರ್ ಕ್ಯೂ (ಮತ್ತೆ ಮತ್ತೆ ವಿಫಲವಾದ ಮೆಸೇಜ್ ಹೋಗಿ ಬೀಳುವ ಬೇರೆ ಕ್ಯೂ) ಇಲ್ಲದೆ ಬಿಡಬೇಡಿ. ಮ್ಯಾಕ್ಸ್ ರಿಸೀವ್ ಕೌಂಟ್ (ಎಷ್ಟು ಸಲ ಎತ್ತಿದ ಮೇಲೆ ಅಲ್ಲಿಗೆ ಕಳಿಸಬೇಕು ಎಂಬುದು) 5 ಇಡಿ. ಇಲ್ಲದಿದ್ದರೆ ಕೆಟ್ಟ ಒಂದು ಮೆಸೇಜ್, ರಿಟೆನ್ಷನ್ ಮುಗಿಯುವ ತನಕ (ಬದಲಾಯಿಸದಿದ್ದರೆ 4 ದಿನ) ವರ್ಕರನ್ನು ಮತ್ತೆ ಮತ್ತೆ ಕೆಡವುತ್ತಿರುತ್ತದೆ.

ಸಿಗ್‌ಟರ್ಮ್: ಸ್ಟಾಪ್ ಅಥವಾ ರೀಸ್ಟಾರ್ಟ್ ಕೊಟ್ಟಾಗ ಸಿಸ್ಟಮ್‌ಡಿ ಮೊದಲು ಸಿಗ್‌ಟರ್ಮ್ ("ನಿಲ್ಲು" ಎಂಬ ಸಿಗ್ನಲ್) ಕಳಿಸಿ, 90 ಸೆಕೆಂಡ್ ಕಾದು, ಆಮೇಲೆ ಸಿಗ್‌ಕಿಲ್ (ಬಲವಂತದ ಕೊನೆ). ನೀವು ಹ್ಯಾಂಡ್ಲರ್ ಬರೆಯದಿದ್ದರೆ ಪೈಥಾನ್ ಸಿಗ್‌ಟರ್ಮ್ ಬಂದ ತಕ್ಷಣ ಸಾಯುತ್ತದೆ, ಫೈನಲಿ ಬ್ಲಾಕ್ ಕೂಡ ಓಡುವುದಿಲ್ಲ. ಹ್ಯಾಂಡ್ಲರ್ ಒಳಗೆ "ನಿಲ್ಲಬೇಕು = ನಿಜ" ಎಂಬ ಒಂದು ಫ್ಲಾಗ್ ಮಾತ್ರ ಎತ್ತಿ, ಲೂಪಿನಲ್ಲಿ ಅದನ್ನು ನೋಡಿ.

ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ಎಡವುವುದು ಇಲ್ಲೇ. ಲಾಂಗ್ ಪೋಲಿಂಗ್‌ಗೆ (ಮೆಸೇಜ್ ಬರುವ ತನಕ ಕ್ಯೂ ಮುಂದೆ ಕಾಯುವುದು) 20 ಸೆಕೆಂಡ್ ಕೊಟ್ಟಿದ್ದೀರಿ ಎಂದುಕೊಳ್ಳಿ. ಪೋಲ್ ಮಧ್ಯೆ ಸಿಗ್ನಲ್ ಬಂದರೆ ಹ್ಯಾಂಡ್ಲರ್ ಓಡಿ ಫ್ಲಾಗ್ ಎತ್ತುತ್ತದೆ. ಆದರೆ ಪೈಥಾನ್ 3.5ರಿಂದ ಈಚೆಗೆ, ಸಿಗ್ನಲ್‌ನಿಂದ ತುಂಡಾದ ಸಾಕೆಟ್ ಓದನ್ನು ಅದೇ ಮತ್ತೆ ಮುಂದುವರಿಸುತ್ತದೆ. ಹಾಗಾಗಿ ಉಳಿದ ಸೆಕೆಂಡುಗಳನ್ನು ಕಾದೇ ಕಾಯುತ್ತದೆ. ಆ ಕೊನೆಯ ಗಳಿಗೆಯಲ್ಲಿ ಮೆಸೇಜ್ ಸಿಕ್ಕಿತು ಅನ್ನಿ, ಅದರ ಕೆಲಸಕ್ಕೆ 40. ಒಟ್ಟು 60. ನಿಮಗೆ 90 ಸಾಕು, ಆದರೆ ಅದನ್ನು ಆಕಸ್ಮಿಕಕ್ಕೆ ಬಿಡದೆ ಟೈಮ್‌ಔಟ್‌ಸ್ಟಾಪ್‌ಸೆಕ್=90 ಎಂದು ಬರೆದಿಡಿ. ಮೆಸೇಜ್ ಕೈಗೆ ಬಂದ ಮೇಲೂ ಫ್ಲಾಗ್ ನೋಡಿ, ಎತ್ತಿದ್ದರೆ ಆ ಮೆಸೇಜಿನ ವಿಸಿಬಿಲಿಟಿ 0 ಮಾಡಿ ಕ್ಯೂಗೆ ಮರಳಿಸುವುದು ಇನ್ನೂ ಚೊಕ್ಕ.

---

ಹೊಸಪುಟ:

ವೆನ್ವ್ ಹೊಸದಾಗಿ ಕಟ್ಟಿದೆ, 203 ಹೋಯಿತು. ಧನ್ಯವಾದ. ಆಮೇಲೆ "ಅನೇಬಲ್ ಟು ಲೊಕೇಟ್ ಕ್ರೆಡೆನ್ಷಿಯಲ್ಸ್" ಬಂತು. ಸದ್ಯಕ್ಕೆ ಕೀಗಳನ್ನು ಎನ್‌ವಿ ಫೈಲಿಗೆ ಹಾಕಿ ಮುಂದೆ ಹೋದೆ. ಈಗ ಪಿಡಿಎಫ್ ಬರುತ್ತಿದೆ, ಆದರೆ ಕನ್ನಡ ಅಕ್ಷರದ ಜಾಗದಲ್ಲೆಲ್ಲ ಖಾಲಿ ಚೌಕಗಳು. ಅಂಕಿ, ಇಂಗ್ಲಿಷ್ ಸರಿಯಾಗಿವೆ. ಅದೇ ಕೋಡನ್ನು ಉಬುಂಟು ಯೂಸರ್ ಆಗಿ ಕೈಯಲ್ಲಿ ಓಡಿಸಿದರೆ ಕನ್ನಡ ಚೆನ್ನಾಗಿ ಬರುತ್ತದೆ. ಜರ್ನಲ್‌ನಲ್ಲಿ "ಫಾಂಟ್‌ಕಾನ್ಫಿಗ್ ಎರರ್: ನೋ ರೈಟಬಲ್ ಕ್ಯಾಶ್ ಡೈರೆಕ್ಟರೀಸ್" ಎಂದೂ ಇದೆ.

---

ರಾತ್ರಿಪಾಳಿ:

200, 203, ಕೀ, ಚೌಕ, ನಾಲ್ಕೂ ಒಂದೇ ಕಾಯಿಲೆ. ಇಷ್ಟು ದಿನ ಆ ಪ್ರೋಗ್ರಾಮ್ ನಿಮ್ಮ ಹೋಮ್ ಫೋಲ್ಡರಿನ ಅನ್ನ ತಿಂದು ಬದುಕುತ್ತಿತ್ತು. ಕೋಡ್ ಅಲ್ಲಿ, ವೆನ್ವ್ ಅಲ್ಲಿ, ಕೀ ~/.ಎಡಬ್ಲ್ಯೂಎಸ್ ಒಳಗೆ, ಫಾಂಟ್ ~/.ಲೋಕಲ್/ಶೇರ್/ಫಾಂಟ್ಸ್ ಒಳಗೆ. "ರಸೀದಿ" ಯೂಸರ್‌ಗೆ ಇದ್ಯಾವುದೂ ಇಲ್ಲ, ಹೋಮ್ ಫೋಲ್ಡರೇ ಇಲ್ಲ. ಬ್ಯಾಶ್‌ಆರ್‌ಸಿಯಲ್ಲಿ ಏನಾದರೂ ಬರೆದಿದ್ದರೆ ಅದೂ ಬರುವುದಿಲ್ಲ.

ಪರೀಕ್ಷೆ ಸುಲಭ:

`ಎಫ್‌ಸಿ-ಲಿಸ್ಟ್ :ಲ್ಯಾಂಗ್=ಕೆಎನ್`
`ಸುಡೋ -ಯು ರಸೀದಿ ಎಫ್‌ಸಿ-ಲಿಸ್ಟ್ :ಲ್ಯಾಂಗ್=ಕೆಎನ್`

ಮೊದಲನೆಯದು ಫಾಂಟ್ ತೋರಿಸಿ, ಎರಡನೆಯದು ಖಾಲಿ ಬಂದರೆ ಖಾತ್ರಿ. ಸಿಸ್ಟಮ್ ಮಟ್ಟದಲ್ಲಿ ಹಾಕಿ: `ಸುಡೋ ಆಪ್ಟ್ ಇನ್‌ಸ್ಟಾಲ್ ಫಾಂಟ್ಸ್-ಕೆಎನ್‌ಡಿಎ`. ಗುಬ್ಬಿ, ನವಿಲು ಎರಡೂ ಬರುತ್ತವೆ. ನಿಮ್ಮದೇ ಫಾಂಟ್ ಬೇಕಿದ್ದರೆ ಅದರ ಟಿಟಿಎಫ್ ಫೈಲನ್ನು /ಯುಎಸ್‌ಆರ್/ಲೋಕಲ್/ಶೇರ್/ಫಾಂಟ್ಸ್ ಒಳಗೆ ಇಟ್ಟು ಎಫ್‌ಸಿ-ಕ್ಯಾಶ್ ಓಡಿಸಿ. ಸಿಎಸ್‌ಎಸ್‌ನಲ್ಲಿ ಫಾಂಟ್-ಫ್ಯಾಮಿಲಿ ಹೆಸರು ಎಫ್‌ಸಿ-ಲಿಸ್ಟ್ ತೋರಿಸಿದ ಹಾಗೇ ಇರಬೇಕು.

ಕ್ಯಾಶ್ ದೂರು ಬರುವುದು ಬರೆಯಲು ಜಾಗವಿಲ್ಲದ್ದಕ್ಕೆ. [ಸರ್ವಿಸ್] ಒಳಗೆ ಎರಡು ಸಾಲು ಸೇರಿಸಿ:

```
ಕ್ಯಾಶ್‌ಡೈರೆಕ್ಟರಿ=ರಸೀದಿ
ಎನ್‌ವಿರಾನ್‌ಮೆಂಟ್=ಎಕ್ಸ್‌ಡಿಜಿ_ಕ್ಯಾಶ್_ಹೋಮ್=/ವಾರ್/ಕ್ಯಾಶ್/ರಸೀದಿ
```

ಫೋಲ್ಡರನ್ನು ಸರಿಯಾದ ಒಡೆತನದಲ್ಲಿ ಸಿಸ್ಟಮ್‌ಡಿಯೇ ಮಾಡಿಕೊಡುತ್ತದೆ.

ಕೀಗಳನ್ನು ದಯವಿಟ್ಟು ತೆಗೆಯಿರಿ. ಇಸಿ2ಗೆ ಐಎಎಂ ರೋಲ್ (ಕೀ ಇಲ್ಲದೆಯೇ ಮಷೀನಿಗೆ ಎಡಬ್ಲ್ಯೂಎಸ್ ಕೊಡುವ ಅನುಮತಿ) ಅಂಟಿಸಿ. ಆ ಕ್ಯೂನಿಂದ ರಿಸೀವ್, ಡಿಲೀಟ್, ವಿಸಿಬಿಲಿಟಿ ಬದಲಾವಣೆ, ಆ ಬಕೆಟ್‌ಗೆ ಪುಟ್ ಆಬ್ಜೆಕ್ಟ್, ಇಷ್ಟೇ ಅನುಮತಿ ಸಾಕು. ಬೋಟೋ3 (ಎಡಬ್ಲ್ಯೂಎಸ್ ಜೊತೆ ಮಾತಾಡುವ ಪೈಥಾನ್ ಲೈಬ್ರರಿ) ಮೊದಲು ಎನ್‌ವಿರಾನ್‌ಮೆಂಟ್ ನೋಡಿ ಕೊನೆಗೆ ರೋಲ್ ನೋಡುತ್ತದೆ, ಆದ್ದರಿಂದ ಹಳೆಯ ಕೀ ಎನ್‌ವಿ ಫೈಲಿನಲ್ಲಿ ಉಳಿದರೆ ರೋಲ್ ಇದ್ದೂ ಉಪಯೋಗವಿಲ್ಲ. ಎನ್‌ವಿ ಫೈಲಿನಲ್ಲಿ ಎಡಬ್ಲ್ಯೂಎಸ್_ಡಿಫಾಲ್ಟ್_ರೀಜನ್=ಎಪಿ-ಸೌತ್-1 ಮಾತ್ರ ಇರಲಿ. ಅದು ಇಲ್ಲದಿದ್ದರೆ ಮುಂದಿನ ಎರರ್ "ರೀಜನ್ ಹೇಳಿ" ಎಂದು ಬರುತ್ತದೆ.

ಮೆಮೊರಿ: ಟಿ3.ಮೈಕ್ರೋದಲ್ಲಿ ಇರುವುದೇ 1 ಜಿಬಿ, ಉಬುಂಟು ಇಮೇಜ್‌ನಲ್ಲಿ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಇರುವುದಿಲ್ಲ. ಬಹಳ ಪುಟದ ಎಚ್‌ಟಿಎಂಎಲ್ ಕೊಟ್ಟರೆ ವೀಝಿಪ್ರಿಂಟ್ ಹೊಟ್ಟೆಬಾಕ. ಮಷೀನ್ ಪೂರ್ತಿ ಉಸಿರುಗಟ್ಟಿದರೆ ಎಸ್‌ಎಸ್‌ಎಚ್ ಕೂಡ ಸಿಗದು. ಮೆಮೊರಿಮ್ಯಾಕ್ಸ್=600ಎಂ ಹಾಕಿದರೆ ಸಾಯುವುದು ವರ್ಕರ್ ಮಾತ್ರ, ಜರ್ನಲ್‌ನಲ್ಲಿ "ಊಮ್-ಕಿಲ್" ಎಂದು ಕಾರಣವೂ ಬರೆದಿರುತ್ತದೆ. 2 ಜಿಬಿ ಸ್ವಾಪ್‌ಫೈಲ್ ಮಾಡಿ ಎಫ್‌ಎಸ್‌ಟ್ಯಾಬ್‌ಗೂ ಸೇರಿಸಿ, ಇಲ್ಲದಿದ್ದರೆ ರೀಬೂಟ್ ಆದಾಗ ಅದು ಮಾಯ.

---

ಹಡಗುಕಟ್ಟೆ ಉತ್ತರ:

ಡಾಕರ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಮೇಲೆ ನಡೆದ ಅರ್ಧ ಒದ್ದಾಟ ಕಂಟೇನರ್ ಇದ್ದಿದ್ದರೆ ಇರುತ್ತಿರಲಿಲ್ಲ, ಫಾಂಟ್, ಪ್ಯಾಂಗೋ ಲೈಬ್ರರಿ ಎಲ್ಲ ಇಮೇಜಿನೊಳಗೇ ಕೂರುತ್ತವೆ. (ಪೈಥಾನ್ ಸ್ಲಿಮ್ ಇಮೇಜ್‌ನಲ್ಲಿ ಕನ್ನಡ ಫಾಂಟ್ ಇರುವುದಿಲ್ಲ. ಡಾಕರ್‌ಫೈಲ್‌ನಲ್ಲೂ ಫಾಂಟ್ಸ್-ಕೆಎನ್‌ಡಿಎ ಹಾಕಲೇಬೇಕು.) ಆದರೆ ಒಂದೇ ವರ್ಕರ್, ಒಂದೇ ಮಷೀನ್ ಆದರೆ ಸಿಸ್ಟಮ್‌ಡಿ ಸಾಕು, ನಾನೂ ಒಪ್ಪುತ್ತೇನೆ. ಲೋಡ್ ಏರಿದಂತೆ ವರ್ಕರ್ ಸಂಖ್ಯೆ ತಾನಾಗಿ ಏರಬೇಕು ಅಂದಾಗ ಸಾಗಿರಿ.

ಸಾಗುವುದಾದರೆ ಇಸಿಎಸ್ ಫಾರ್ಗೇಟ್‌ನಲ್ಲಿ (ಮಷೀನ್ ನೋಡಿಕೊಳ್ಳುವ ಗೋಜಿಲ್ಲದೆ ಕಂಟೇನರ್ ಓಡಿಸುವ ಎಡಬ್ಲ್ಯೂಎಸ್ ಸೇವೆ) "ಸರ್ವಿಸ್" ಮಾಡಿ, ಡಿಸೈರ್ಡ್ ಕೌಂಟ್ 1, ಲೋಡ್ ಬ್ಯಾಲೆನ್ಸರ್ ಬೇಡ, ಪೋರ್ಟ್ ಮ್ಯಾಪಿಂಗ್ ಬೇಡ. ಅಲ್ಲಿ ನಿಲ್ಲಿಸುವ ಗಡುವು 90 ಅಲ್ಲ, 30 ಸೆಕೆಂಡ್. ನಿಮ್ಮ 40 ಸೆಕೆಂಡಿನ ಪಿಡಿಎಫ್ ಪ್ರತಿ ಡಿಪ್ಲಾಯ್‌ಗೂ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಟಾಸ್ಕ್ ಡೆಫಿನಿಷನ್‌ನಲ್ಲಿ ಸ್ಟಾಪ್‌ಟೈಮ್‌ಔಟ್ 120ರವರೆಗೆ ಏರಿಸಬಹುದು, ಅದಕ್ಕಿಂತ ಮೇಲೆ ಬಿಡುವುದಿಲ್ಲ.

ಡಾಕರ್‌ಫೈಲ್‌ನ ಸಿಎಂಡಿ ಸಾಲನ್ನು ಚೌಕ ಆವರಣದ ರೂಪದಲ್ಲೇ ಬರೆಯಿರಿ: `ಸಿಎಂಡಿ ["ಪೈಥಾನ್", "-ಎಂ", "ರಸೀದಿ.ವರ್ಕರ್"]`. ಬರೀ ವಾಕ್ಯದಂತೆ ಬರೆದರೆ ಪ್ರಾಸೆಸ್ 1 ಆಗಿ ಶೆಲ್ ಕೂರುವ ಸಾಧ್ಯತೆ ಇದೆ, ಅದು ಸಿಗ್‌ಟರ್ಮನ್ನು ಪೈಥಾನ್‌ಗೆ ದಾಟಿಸುವುದಿಲ್ಲ. ಇನ್ನೊಂದು ವಿಚಿತ್ರ: ಪೈಥಾನೇ ಪ್ರಾಸೆಸ್ 1 ಆಗಿ, ಹ್ಯಾಂಡ್ಲರ್ ಬರೆಯದೆ ಇದ್ದರೆ, ಸಿಸ್ಟಮ್‌ಡಿ ಕೆಳಗೆ ತಕ್ಷಣ ಸಾಯುತ್ತಿದ್ದ ಅದೇ ಪ್ರೋಗ್ರಾಮ್ ಇಲ್ಲಿ ಸಿಗ್‌ಟರ್ಮ್‌ಗೆ ಜಗ್ಗುವುದೇ ಇಲ್ಲ, ಗಡುವು ಮುಗಿದು ಸಿಗ್‌ಕಿಲ್ ಬರುವ ತನಕ.

ಟಾಸ್ಕ್ "ಕ್ಯಾನಾಟ್ ಪುಲ್ ಕಂಟೇನರ್" ಎಂದು ಬಿದ್ದರೆ ಇಮೇಜಿನಲ್ಲಿ ತಪ್ಪು ಹುಡುಕುವ ಮುಂಚೆ ನೆಟ್‌ವರ್ಕ್ ನೋಡಿ. ಪಬ್ಲಿಕ್ ಸಬ್‌ನೆಟ್‌ನಲ್ಲಿ ಪಬ್ಲಿಕ್ ಐಪಿ ಆನ್ ಮಾಡಿರಬೇಕು, ಇಲ್ಲವೇ ನ್ಯಾಟ್ ಗೇಟ್‌ವೇ (ಪಬ್ಲಿಕ್ ಐಪಿ ಇಲ್ಲದ ಮಷೀನುಗಳಿಗೆ ಇಂಟರ್ನೆಟ್ ದಾರಿ) ಬೇಕು. ನ್ಯಾಟ್ ಗೇಟ್‌ವೇ ಸುಮ್ಮನೆ ಕೂತಿದ್ದರೂ ಗಂಟೆ ಲೆಕ್ಕದಲ್ಲಿ ಬಿಲ್ ಆಗುತ್ತದೆ, ಸಣ್ಣ ವರ್ಕರ್‌ಗಿಂತ ಅದೇ ದುಬಾರಿಯಾದೀತು. ಪಬ್ಲಿಕ್ ಐಪಿವಿ4ಗೂ 2024ರ ಫೆಬ್ರವರಿಯಿಂದ ಗಂಟೆಗೆ 0.005 ಡಾಲರ್ ಇದೆ.

ಈಗಿನ ಇಸಿ2 ಮೇಲೇ ಡಾಕರ್ ಹಾಕುವ ಯೋಚನೆ ಇದ್ದರೆ: ಕಂಟೇನರ್ ಒಳಗಿನಿಂದ ಐಎಎಂ ರೋಲ್ ಸಿಗದೆ ಮತ್ತೆ ಅದೇ ಕ್ರೆಡೆನ್ಷಿಯಲ್ಸ್ ಎರರ್ ಬರಬಹುದು. ಇಸಿ2ನ ಮೆಟಾಡೇಟಾ (ರೋಲ್‌ನ ಕೀ ಸಿಗುವ ಜಾಗ) ಆಯ್ಕೆಗಳಲ್ಲಿ ಹಾಪ್ ಲಿಮಿಟ್ (ಉತ್ತರ ಎಷ್ಟು ನೆಟ್‌ವರ್ಕ್ ಹೆಜ್ಜೆ ದಾಟಬಹುದು) 1 ಇದ್ದರೆ 2 ಮಾಡಿ. ಡಾಕರ್‌ನ ಬ್ರಿಡ್ಜ್ ಒಂದು ಹಾಪ್ ತಿಂದುಬಿಡುತ್ತದೆ.

---

ಹೊಸಪುಟ:

ಚೌಕ ಹೋಗಿ ಕನ್ನಡ ಬಂತು, ಒತ್ತಕ್ಷರವೂ ಸರಿಯಿದೆ. ಕೀ ತೆಗೆದು ರೋಲ್ ಹಾಕಿದೆ, ರೀಬೂಟ್ ಮಾಡಿದೆ, ತಾನೇ ಎದ್ದಿತು. ಸದ್ಯ ಡಾಕರ್ ಬೇಡ. ಕೊನೆಯದಾಗಿ, ದಿನಾ ರಾತ್ರಿ 9ಕ್ಕೆ ಆ ದಿನದ ಒಟ್ಟು ಲೆಕ್ಕ ತೆಗೆಯುವ ಇನ್ನೊಂದು ಸ್ಕ್ರಿಪ್ಟ್ ಇದೆ. ಅದಕ್ಕೆ ಕ್ರಾನ್ (ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಲಿನಕ್ಸ್ ಸಾಧನ) ಸಾಕೇ?

---

ಕಡಲೆಪುರಿ:

ಕ್ರಾನ್ ಆಗುತ್ತದೆ, ಆದರೆ ಸರ್ವರ್ ಗಡಿಯಾರ ಯುಟಿಸಿ. ಕ್ರಾನ್‌ನಲ್ಲಿ 21:00 ಬರೆದರೆ ಇಲ್ಲಿ ಬೆಳಗಿನ ಜಾವ 2:30. ಸಿಸ್ಟಮ್‌ಡಿಯ ಟೈಮರ್ ಮಾಡಿ, ಅದಕ್ಕೆ ಊರಿನ ಸಮಯವನ್ನೇ ಹೇಳಬಹುದು. ಸ್ಕ್ರಿಪ್ಟ್‌ಗೆ ಲೆಕ್ಕ.ಸರ್ವಿಸ್ (ಟೈಪ್=ಒನ್‌ಶಾಟ್, ರೀಸ್ಟಾರ್ಟ್ ಸಾಲು ಬೇಡ), ಪಕ್ಕದಲ್ಲಿ ಲೆಕ್ಕ.ಟೈಮರ್:

```
[ಟೈಮರ್]
ಆನ್‌ಕ್ಯಾಲೆಂಡರ್=*-*-* 21:00:00 ಏಷ್ಯಾ/ಕೋಲ್ಕತಾ
ಪರ್ಸಿಸ್ಟೆಂಟ್=ಟ್ರೂ

[ಇನ್‌ಸ್ಟಾಲ್]
ವಾಂಟೆಡ್‌ಬೈ=ಟೈಮರ್ಸ್.ಟಾರ್ಗೆಟ್
```

ಎನೇಬಲ್ ಮಾಡಬೇಕಾದ್ದು ಟೈಮರನ್ನು, ಸರ್ವಿಸನ್ನಲ್ಲ. 9 ಗಂಟೆಗೆ ಮಷೀನ್ ಆಫ್ ಇದ್ದರೆ, ಪರ್ಸಿಸ್ಟೆಂಟ್ ಇರುವುದರಿಂದ ಎದ್ದ ಕೂಡಲೇ ಓಡುತ್ತದೆ. ಮುಂದಿನ ಸರದಿ ಯಾವಾಗ ಎಂದು `ಸಿಸ್ಟಮ್‌ಸಿಟಿಎಲ್ ಲಿಸ್ಟ್-ಟೈಮರ್ಸ್` ಹೇಳುತ್ತದೆ.

ಹಾಗೇ ರಸೀದಿಯ ಮೇಲಿನ ದಿನಾಂಕವನ್ನೂ ಒಮ್ಮೆ ನೋಡಿ. ಕೋಡಿನಲ್ಲಿ ಬರೀ ಡೇಟ್.ಟುಡೇ ಇದ್ದರೆ, ನಡುರಾತ್ರಿ 12ರಿಂದ ಬೆಳಗ್ಗೆ 5:30ರ ನಡುವೆ ಮಾಡಿದ ರಸೀದಿಗಳೆಲ್ಲ ಹಿಂದಿನ ದಿನದ ತಾರೀಖು ಹೊತ್ತು ಬರುತ್ತವೆ. ಮಾರ್ಚ್ 31ರ ರಾತ್ರಿ ಇದಾದರೆ ರಸೀದಿ ಹೋದ ಆರ್ಥಿಕ ವರ್ಷಕ್ಕೆ ಸೇರಿಬಿಡುತ್ತದೆ. ಎರಡೂ ಯುನಿಟ್‌ನಲ್ಲಿ ಎನ್‌ವಿರಾನ್‌ಮೆಂಟ್=ಟಿಝಡ್=ಏಷ್ಯಾ/ಕೋಲ್ಕತಾ ಎಂದು ಹಾಕಿ, ಇಲ್ಲವೇ ಕೋಡಿನಲ್ಲೇ ಝೋನ್‌ಇನ್ಫೋ ಬಳಸಿ. ನನ್ನ ಮತ ಎರಡನೆಯದಕ್ಕೆ, ಮುಂದೆ ಡಾಕರ್‌ಗೆ ಹೋದಾಗ ಯುನಿಟ್ ಫೈಲ್ ಜೊತೆಗೆ ಬರುವುದಿಲ್ಲ.